ದೊಡ್ಡಮ್ಮನ ಬಳಿ ಇದ್ದ ಮಾತು

ನನಗೆ ಎಡಮೊಣಕಾಲು ನೋಯುತ್ತಿದೆ. ಕಥೆ ಹೇಳಲು ಕೂತವಳು ಮೊಣಕಾಲಿನಿಂದ ಶುರು ಮಾಡುವುದೇ ಎಂದು ನಗಬೇಡಿ. ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ಕೊನೆಯ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಸರಿಯಾಗಿ ನಡ್ಕೋ’ ಎಂದು ಹೇಳುವಂತಿಲ್ಲ. ತಾಯಿ ಮಗುವಿಗೆ ಹೇಳುವಂತಿಲ್ಲ, ಮೇಷ್ಟ್ರು ಹುಡುಗರಿಗೆ ಹೇಳುವಂತಿಲ್ಲ, ಪಾದ್ರಿಗಳು ಕೂಡ ಸಭೆಗೆ ಹೇಳುವಂತಿಲ್ಲ. ಬಾಯಿತಪ್ಪಿ ಹೇಳಿದರೆ ಹೇಳಿದವರೇ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಆ ಮಾತು ಹೇಳುವ ಹಕ್ಕು ಊರಿನಲ್ಲಿ ಒಂದೇ ಮನೆಯದು. ಅದೂ ಕನ್ನಡದಲ್ಲಲ್ಲ. ಹಂಚಿನ ಕಾರ್ಖಾನೆ ಕಟ್ಟಿಸಿದ ಜರ್ಮನ್ ದೊರೆಗೆ ಐವರು ಮಕ್ಕಳಿದ್ದರು. ಅವನ ಹೆಂಡತಿ ಬಂಗಲೆಯ ಜಗಲಿಯಲ್ಲಿ ನಿಂತು ಆ ಐವರಿಗೆ ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದ ಮಾತು ಅದು. ಬೆನಿಮ್ ದಿಶ್. ದೊರೆ, ದೊರೆಸಾನಿ, ಮಕ್ಕಳು ಎಲ್ಲರೂ ಒಂದು ದಿನ ಹಡಗು ಹತ್ತಿ ಹೋದರು. ಮಾತು ಮಾತ್ರ ಹೋಗಲಿಲ್ಲ, ಆಯಾ ಆಗಿದ್ದ ಮರಿಯಮ್ಮಜ್ಜಿಯ ಬಳಿ ಉಳಿದುಕೊಂಡಿತು.

ಹೊರಡುವ ಮುಂಚೆ ದೊರೆಸಾನಿ ಮರಿಯಮ್ಮಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಬಿಡಿಸಿ ಹೇಳಿದ್ದಳಂತೆ. ಇದು ತನ್ನನ್ನು ತಾನೇ ಹಿಡಿದುಕೊಳ್ಳುವ ಮಾತು. ಹೇಗೆ ನಡೆದುಕೊಳ್ಳಬೇಕು ಎಂದು ಮೊದಲು ಹೇಳಿ, ಆಮೇಲೆ ಇದನ್ನು ಹೇಳಬೇಕು. ಹೇಗೆ ಎಂದು ಹೇಳದೆ ಬರಿದೇ ಇದೊಂದನ್ನೇ ಹೇಳಿದರೆ ‘ಒಳ್ಳೆಯವನಾಗಿರು’ ಎಂದಾಗುತ್ತದೆ. ಹಾಗೆ ಯಾರಿಗೂ ಹೇಳಬೇಡ, ನಾನು ಹೇಳಿ ಹೇಳಿ ಸೋತಿದ್ದೇನೆ ಎಂದು ದೊರೆಸಾನಿ ಕಣ್ಣೊರೆಸಿಕೊಂಡಳಂತೆ. ಮರಿಯಮ್ಮಜ್ಜಿ ಅದಕ್ಕೆ ತನ್ನದೊಂದು ನಿಯಮ ಸೇರಿಸಿದಳು. ಯಾರಿಗೆ ಹೇಳಬೇಕೋ ಅವರ ಮಾತನ್ನು ಮೊದಲು ಪೂರ್ತಿ ಕೇಳಬೇಕು, ಕೇಳದೆ ಹೇಳಬಾರದು.

ಅಜ್ಜಿಯಿಂದ ಅವಳ ಮಗಳಿಗೆ, ಅವಳಿಂದ ನನ್ನ ದೊಡ್ಡಮ್ಮ ದಯಾಮಣಿಗೆ ಮಾತು ಬಂತು. ಹೇಳಿಸಿಕೊಂಡವನು ಆಮೇಲೆ ಸಾಯುವವರೆಗೂ ಹಾಗೆಯೇ ನಡೆದುಕೊಳ್ಳುತ್ತಾನೆ, ಮೀರಬೇಕೆಂದರೂ ಮೈ ಕೇಳುವುದಿಲ್ಲ. ಹೇಳಿದವಳ ಗತಿಯೂ ಅದೇ. ಊರಿನವರಿಗೆ ಮೊದಲಿನದರ ಮೇಲಷ್ಟೇ ಕಣ್ಣು. ದೊಡ್ಡಮ್ಮ ಕುಡುಕ ಪೌಲಪ್ಪನಿಗೆ ದಾರಿಯಲ್ಲಿ ಹಾಡಬೇಡ ಎಂದು ಹೇಳಿದಳು. ಅವನ ಹಾಡು ನಿಂತಿತು, ಅವಳದೂ ನಿಂತಿತು. ಚರ್ಚಿಗೆ ಹೋಗುವಾಗ ಇಡೀ ದಾರಿ ಕೀರ್ತನೆ ಗುನುಗುತ್ತಿದ್ದ ಹೆಂಗಸು ಅವಳು. ಹೆಂಡತಿಯನ್ನು ಬಡಿಯುತ್ತಿದ್ದ ಗಾಡಿ ಶೀನನಿಗೆ ಕೈ ಎತ್ತಬೇಡ ಎಂದಳು. ಅಂದಿನಿಂದ ಶೀನನ ಕೈ ಭುಜಕ್ಕಿಂತ ಮೇಲೆ ಏಳಲಿಲ್ಲ, ತಲೆ ಬಾಚುವುದಕ್ಕೂ ಆ ಹೆಂಡತಿಯೇ ಬೇಕಾಯಿತು. ದೊಡ್ಡಮ್ಮನ ಕೈಯೂ ಏಳಲಿಲ್ಲ. ನಮ್ಮ ಮನೆಯ ಬಟ್ಟೆ ಒಣಗಿಸುವ ಹಗ್ಗ ಸೊಂಟದ ಎತ್ತರಕ್ಕಿದೆ, ಸೀರೆಗಳು ನೆಲ ಗುಡಿಸುತ್ತವೆ. ನಮ್ಮಮ್ಮ ತೀರಿಕೊಂಡ ಮೇಲೆ ನಾನು ದೊಡ್ಡಮ್ಮನ ಮನೆಗೆ ಬಂದದ್ದು ಅನಾಥೆ ಎಂಬ ಕರುಣೆಯಿಂದ ಎಂದು ಊರು ತಿಳಿದಿದೆ. ಮೇಲಿನ ಗೂಡಿನಲ್ಲಿದ್ದ ಉಪ್ಪಿನ ಭರಣಿ ಇಳಿಸಿಕೊಡಲು ಒಬ್ಬರು ಬೇಕಿತ್ತು ಎಂಬುದೂ ನಿಜ.

ಇಷ್ಟಾದರೂ ಇದನ್ನೆಲ್ಲ ಹೊತ್ತುಕೊಂಡು ಬದುಕಬಹುದಿತ್ತು. ದೊಡ್ಡಮ್ಮನನ್ನು ಮುರಿದದ್ದು ಇನ್ನೊಂದು. ಅದು ನಡೆದಾಗ ನನಗೆ ಒಂಬತ್ತು ವರ್ಷ, ಅವಳ ಮಗ ಯೋನನಿಗೆ ಏಳು. ದೊಡ್ಡಪ್ಪನ ಶವ ಪಡಸಾಲೆಯಲ್ಲಿತ್ತು. ಯೋನ ಒಂದು ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಿಡಿದಿಟ್ಟುಕೊಂಡಿದ್ದ. ಅದು ಒಳಗೆ ಗುಂಯ್ ಎಂದಾಗಲೆಲ್ಲ ಪೊಟ್ಟಣ ನನ್ನ ಕಿವಿಗಿಡುತ್ತಿದ್ದ. ನಾನು ನಕ್ಕೆ, ಅವನೂ ನಕ್ಕ. ಬಂದವರೆಲ್ಲ ನಮ್ಮತ್ತ ನೋಡಿದರು. ದೊಡ್ಡಮ್ಮ ಅತ್ತು ಅತ್ತು ಬಾಡಿದ ಮುಖ ಎತ್ತಿ ಮಗನನ್ನು ನೋಡಿ, ಹೇಗೆ ಎಂದೂ ಹೇಳದೆ, ಏನಾಯಿತು ಎಂದೂ ಕೇಳದೆ, ಬರಿದೇ ಹೇಳಿಬಿಟ್ಟಳು. “ಬೆನಿಮ್ ದಿಶ್.” ಮೊದಲು ನಕ್ಕವಳು ನಾನು. ಆದರೆ ಅವಳು ನೋಡಿದ್ದು ಅವನನ್ನು.

ಯೋನ ಪೊಟ್ಟಣ ತೆರೆದು ಜೀರುಂಡೆಯನ್ನು ಬಿಟ್ಟ. ಕೈ ಕಟ್ಟಿಕೊಂಡು ಗೋಡೆಗೊರಗಿ ಕೂತ. ಅಲ್ಲಿಂದಾಚೆ ಅವನಷ್ಟು ಒಳ್ಳೆಯ ಹುಡುಗ ಊರಿನಲ್ಲಿ ಇರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಇನ್ನೊಂದು ತುತ್ತು ಬೇಕೆಂದು ಕೇಳುತ್ತಿರಲಿಲ್ಲ. ಬಿದ್ದು ಮಂಡಿ ತರಚಿದರೆ ತಾನೇ ತೊಳೆದುಕೊಳ್ಳುತ್ತಿದ್ದ. ಹೆಂಗಸರು ತಮ್ಮ ಮಕ್ಕಳನ್ನು ಕರೆತಂದು ಅವನನ್ನು ತೋರಿಸುತ್ತಿದ್ದರು. ದೊಡ್ಡಮ್ಮನೂ ಒಳ್ಳೆಯವಳಾದಳು. ಗಂಡನ ಗುಂಡಿಗೆ ಮಣ್ಣು ಹಾಕುವಾಗ ಅವಳು ಅಳಲಿಲ್ಲ. ಯಾರು ಏನು ಕೇಳಿದರೂ ಇಲ್ಲ ಎನ್ನಲಿಲ್ಲ. ರುಬ್ಬುವ ಕಲ್ಲು ಕೇಳಿದರೆ ಕಲ್ಲು ಕೊಟ್ಟಳು, ಬಾಣಂತಿಯ ಮನೆಯಲ್ಲಿ ಕೆಲಸಕ್ಕೆ ಕರೆದರೆ ಹೋದಳು, ಇಂಥವನಿಗೆ ಮಾತು ಹೇಳಿ ಎಂದರೆ ಹೇಳಿದಳು. ‘ದಯಮ್ಮ ಬಹಳ ಒಳ್ಳೆಯವರು’ ಎಂದು ಹೊಗಳುತ್ತಲೇ ಜನ ಅವಳನ್ನು ಒರಳಿನಲ್ಲಿ ಹಾಕಿ ರುಬ್ಬಿದರು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಯೋನನಿಗೆ ಹತ್ತು ವರ್ಷವಾದಾಗ ಒಂದು ಗುರುವಾರ ಮಧ್ಯಾಹ್ನ ಅವನು ಶಾಲೆಯಿಂದ ಬೇಗ ಬಂದ. ಚಪ್ಪಲಿ ಜೋಡಿಸಿಟ್ಟ, ಚಾಪೆ ಹಾಸಿದ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ದೊಡ್ಡಮ್ಮ ಹಣೆ ಮುಟ್ಟಿದಾಗ ಕೆಂಡದಂತೆ ಸುಡುತ್ತಿತ್ತು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ, “ಇದು ಇವತ್ತಿನದಲ್ಲ, ಮೂರು ದಿನದಿಂದ ನೋಯ್ತಿರಬೇಕು. ಇಷ್ಟು ನೋವಿಗೆ ದೊಡ್ಡೋರೇ ಕಿರುಚ್ತಾರೆ. ಹುಡುಗ ಹೇಳ್ಲಿಲ್ವಾ?” ಎಂದರು. ಹುಡುಗ ಹೇಳಿರಲಿಲ್ಲ. ಒಳ್ಳೆಯ ಮಕ್ಕಳು ಅಮ್ಮನಿಗೆ ತೊಂದರೆ ಕೊಡುವುದಿಲ್ಲ. ಶನಿವಾರ ಅವನನ್ನು ದೊಡ್ಡಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಆಮೇಲೆ ದೊಡ್ಡಮ್ಮನಿಗೆ ಅಂತ ಉಳಿದದ್ದು ಒಂದೇ. ದಿನಾ ಸಂಜೆ ಲಾಟೀನು ಹಚ್ಚಿ ಮೆಟ್ಟಿಲಿನ ಮೇಲಿಟ್ಟು, ಪಕ್ಕದಲ್ಲಿ ಕೂತು ಯೋನನ ಹೆಸರು ಹಿಡಿದು ಕರೆದು, ಆ ದಿನ ಏನೇನಾಯಿತೋ ಅದನ್ನೆಲ್ಲ ಹೇಳುತ್ತಿದ್ದಳು. ಯೋನ, ಇವತ್ತು ಬಂಗುಡೆ ಮೀನು ಒಳ್ಳೇದು ಸಿಕ್ತು. ಯೋನ, ಎಸ್ತು ಇವತ್ತು ಕಾರ್ಖಾನೆಯಲ್ಲಿ ಮೇಸ್ತ್ರಿಯ ಜೊತೆ ಜಗಳ ಆಡಿ ಬಂದಿದ್ದಾಳೆ. ಎಸ್ತು ಎಂದರೆ ನಾನು, ಎಸ್ತೇರ್. ಹಸಿ ಹಂಚಿನ ಮೇಲೆ ಮುದ್ರೆ ಒತ್ತುವ ಕೆಲಸ ನನ್ನದು. ಇಪ್ಪತ್ತೆಂಟು ವರ್ಷ ಒಂದು ಸಂಜೆಯೂ ತಪ್ಪದೆ ಅವಳು ಹಾಗೆ ಕರೆದಳು.

ಅಷ್ಟರಲ್ಲಿ ಕಾರ್ಖಾನೆಯ ಅಟ್ಟ ಬಿತ್ತು. ಹಸಿ ಹಂಚು ಒಣಗಿಸುವ ಮರದ ಅಟ್ಟ, ಎರಡಾಳು ಎತ್ತರದ್ದು. ಅದರ ಕೆಳಗಿದ್ದದ್ದು ಹಂಚು ಹೊರುವ ಗುಲಾಬಿಯ ಮಗಳು ಸುಮತಿ, ಹತ್ತೊಂಬತ್ತರ ಹುಡುಗಿ. ತಿಥಿ ಮುಗಿದ ಮಾರನೆಯ ದಿನದಿಂದ ಗುಲಾಬಿ ಬೆಳಿಗ್ಗೆ ಎಂಟಕ್ಕೆ ಸೈರನ್ ಆಗುವ ಹೊತ್ತಿಗೆ ಸರಿಯಾಗಿ ದೊಡ್ಡ ಗೇಟಿನ ಮುಂದೆ ನಿಲ್ಲತೊಡಗಿದಳು. ಬೈಯುತ್ತಿರಲಿಲ್ಲ, ಎದೆ ಬಡಿದುಕೊಳ್ಳುತ್ತಿರಲಿಲ್ಲ. “ಅವತ್ತು ನಾನು ಗಂಜಿ ಬೇಯಿಸಿದ್ದೆ” ಎಂದು ಶುರು ಮಾಡಿ ಆ ದಿನವನ್ನು ಮೊದಲಿನಿಂದ ಹೇಳುತ್ತಿದ್ದಳು, ಗಟ್ಟಿಯಾದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ. ಬೈದಿದ್ದರೆ ಜನ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಕೆಲಸಗಾರರು ತಲೆ ತಗ್ಗಿಸಿ ಹಿಂದಿನ ಗೇಟಿನಿಂದ ಹೋಗತೊಡಗಿದರು. ಸುಳ್ಳೇಕೆ, ನಾನೂ ಹಿಂದಿನ ಗೇಟಿನಿಂದಲೇ ಹೋದೆ. ಮಗಳಿಗೆ ಜಡೆ ಹಾಕಿದ ಜಾಗದವರೆಗೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಅದರ ಮುಂದೆ ಅವಳು ಏನು ಹೇಳುತ್ತಾಳೆ ಎಂದು ಒಬ್ಬರೂ ನಿಂತು ಕೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ ಕಾರ್ಖಾನೆಯ ಧಣಿ ನೇಮಿರಾಜಯ್ಯ ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯರೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತರು.

“ದಯಮ್ಮನವರೇ, ಗುಲಾಬಿಗೆ ನೀವೊಂದು ಮಾತು ಹೇಳ್ಬೇಕು” ಎಂದರು.

“ಹೇಗೆ ನಡ್ಕೋ ಅಂತ ಹೇಳ್ಲಿ, ಧಣಿ?” ಎಂದಳು ದೊಡ್ಡಮ್ಮ.

“ಸತ್ತವರ ಹೆಸರು ಎತ್ತಬಾರದು. ಅಷ್ಟೇ ಸಾಕು. ಅವಳಿಗೂ ನೆಮ್ಮದಿ, ಊರಿಗೂ ನೆಮ್ಮದಿ.”

ನಾನು ಅಡುಗೆಮನೆಯಿಂದ ಹೊರಗೆ ಬಂದೆ. “ಗುಲಾಬಿಗೆ ಹೇಳಿದ್ರೆ ದೊಡ್ಡಮ್ಮನಿಗೂ ಅದೇ ಆಗತ್ತೆ ಧಣಿ. ಆಮೇಲೆ ಇವ್ರು ಯೋನನ ಹೆಸರು ಹೇಳೋ ಹಾಗಿಲ್ಲ. ಅದು ನಿಮಗೆ ಗೊತ್ತಿಲ್ವಾ?”

ಅವರು ನನ್ನ ಮುಖ ನೋಡಲಿಲ್ಲ. “ಗೊತ್ತಮ್ಮ. ದಯಮ್ಮನವರು ಆಗಲ್ಲ ಅಂದ್ರೆ ನಾನು ಒತ್ತಾಯ ಮಾಡಲ್ಲ” ಎಂದರು. ದೊಡ್ಡಮ್ಮ ಯಾರಿಗೂ ಆಗಲ್ಲ ಎಂದವಳಲ್ಲ ಎಂಬುದು ಅವರಿಗೂ ಗೊತ್ತಿತ್ತು, ಬೀದಿಯ ನಾಯಿಗೂ ಗೊತ್ತಿತ್ತು.

“ಆಗಲಿ, ನಾಳೆ ಬರ್ತೀನಿ” ಎಂದಳು ದೊಡ್ಡಮ್ಮ.

ಅವರು ಹೋದ ಮೇಲೆ ನಾನು ಅವಳ ಮುಂದೆ ಕೂತು ಬೇಡಿಕೊಂಡೆ. “ಇದೊಂದು ಸಲ ಆಗಲ್ಲ ಅನ್ನು ದೊಡ್ಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ.”

“ಆ ಮಾತು ನನ್ನ ಬಾಯಲ್ಲಿಲ್ಲ ಕಣೆ” ಎಂದಳು.

ಆ ಸಂಜೆ ಅವಳು ಲಾಟೀನಿನ ಪಕ್ಕ ಕೂತು ದಿನದ ಸುದ್ದಿ ಏನೂ ಹೇಳಲಿಲ್ಲ. ಯೋನ, ಯೋನ ಎಂದು ಬರೀ ಹೆಸರನ್ನೇ ಹೇಳಿದಳು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಗೊತ್ತಾದವರು ಮನೆಯಲ್ಲಿ ಇದ್ದಬದ್ದ ಪಾತ್ರೆಗೆಲ್ಲ ತುಂಬಿಡುವುದಿಲ್ಲವೇ, ಹಾಗೆ. ನಾನು ಒಳಗೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಬೆಳಿಗ್ಗೆ ದೊಡ್ಡ ಗೇಟಿನ ಮುಂದೆ ಊರೇ ನೆರೆದಿತ್ತು. ನೇಮಿರಾಜಯ್ಯನವರಿಗೆ ಒಂದು ಕುರ್ಚಿ ಹಾಕಿದ್ದರು. ದೊಡ್ಡಮ್ಮನಿಗೂ ಒಂದು ಹಾಕಿದರು, ಅವಳು ಕೂರಲಿಲ್ಲ. ಗುಲಾಬಿ ಎಂದಿನ ಜಾಗದಲ್ಲಿ ನಿಂತಿದ್ದಳು. ದೊಡ್ಡಮ್ಮ ಯಾಕೆ ಬಂದಿದ್ದಾಳೆ ಎಂದು ಅವಳಿಗೆ ತಿಳಿದಿತ್ತು. ಬಿಳಿಚಿಕೊಂಡಿದ್ದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

“ಹೇಳು ಗುಲಾಬಿ. ಮೊದ್ಲು ನಿನ್ನ ಮಾತು ಕೇಳ್ತೀನಿ” ಎಂದಳು ದೊಡ್ಡಮ್ಮ.

ಸೈರನ್ ಕೂಗಿ ನಿಂತಿತು. “ಅವತ್ತು ನಾನು ಗಂಜಿ ಬೇಯಿಸಿದ್ದೆ” ಎಂದು ಗುಲಾಬಿ ಶುರು ಮಾಡಿದಳು. ಗಂಜಿಯ ಜೊತೆ ಒಣಮೀನಿನ ಚಟ್ನಿ. ಸುಮತಿ ಎರಡು ಸಲ ಹಾಕಿಸಿಕೊಂಡಳು. ಆಮೇಲೆ ತಲೆ ಬಾಚಿಸಿಕೊಳ್ಳಲು ಕೂತಳು. ಬಿಗಿಯಾಗಿ ಹಾಕಮ್ಮ, ಹಂಚು ಹೊರುವಾಗ ಬಿಚ್ಚಿಕೊಳ್ಳುತ್ತೆ ಎಂದಳು. ಇಲ್ಲಿಯವರೆಗೆ ಬರುವಷ್ಟರಲ್ಲಿ ನೇಮಿರಾಜಯ್ಯ ಕುರ್ಚಿಯಿಂದ ಎದ್ದುಬಿಟ್ಟರು.

“ಸಾಕು ದಯಮ್ಮನವರೇ. ಇದನ್ನೇ ಎರಡು ತಿಂಗಳಿಂದ ಕೇಳ್ತಿದ್ದೀವಿ. ಹೇಳಿ ಮುಗಿಸಿಬಿಡಿ” ಎಂದರು.

ದೊಡ್ಡಮ್ಮ ಗುಲಾಬಿಯ ಹತ್ತಿರ ಹೋದಳು. “ಗುಲಾಬಿ” ಎಂದಳು. “ಸತ್ತವರ” ಎಂದಳು. ಅಲ್ಲಿಗೆ ಬಾಯಿ ಕಟ್ಟಿತು. ಇನ್ನೊಂದು ಸಲ ಪ್ರಯತ್ನಿಸಿದಳು. ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ಮೂರನೆಯ ಸಲ ತುಟಿಯೇ ತೆರೆಯಲಿಲ್ಲ. ಶೀನನಿಗೆ ಹೇಳಿದ ಮೇಲೆ ಅವಳ ಕೈ ಭುಜದ ಹತ್ತಿರ ತಡೆದು ನಿಲ್ಲುತ್ತಿತ್ತಲ್ಲ, ಈಗ ಅವಳ ಬಾಯಿ ಹಾಗೆಯೇ ನಿಂತಿತ್ತು. ಆ ತಡೆಯನ್ನು ನಾನು ಮನೆಯಲ್ಲಿ ದಿನಾ ನೋಡಿದವಳು, ಆದ್ದರಿಂದ ನನಗೆ ಗುರುತು ಸಿಕ್ಕಿತು. ಅವಳನ್ನು ತಡೆಯುತ್ತಿದ್ದದ್ದು ಆ ಮಾತೇ. ಗಂಡನ ಶವದ ಮುಂದೆ ಮಗನಿಗೆ ಬರಿದೇ ಹೇಳಿ ತನ್ನ ಮೇಲೂ ಹಾಕಿಕೊಂಡಿದ್ದಳಲ್ಲ, ಒಳ್ಳೆಯವಳಾಗಿರು ಎಂಬ ಆ ಮಾತು ಅವಳನ್ನು ಈ ಕೆಟ್ಟ ಕೆಲಸ ಮಾಡಲು ಬಿಡಲಿಲ್ಲ.

ಅವಳಿಗೂ ತಿಳಿಯಿತು. ಮುಖದಲ್ಲಿ ಏನೋ ಬಂದು ಹೋಯಿತು. ಅದು ಸಂತೋಷವಾಗಿರಲಿಲ್ಲ, ಅಷ್ಟು ಹೇಳಬಲ್ಲೆ. ಅವಳು ತಿರುಗಿ ಧಣಿಯ ಎದುರು ನಿಂತಳು.

“ಇವಳು ಹೇಳಿ ಮುಗಿಸೋವರೆಗೂ ನಿಂತು ಕೇಳಿ” ಎಂದಳು. ಬಾಯಿ ಸಲೀಸಾಗಿ ಆಡಿತು. “ಬೆನಿಮ್ ದಿಶ್.”

ನೇಮಿರಾಜಯ್ಯನವರ ಒಂದು ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಅವರು ಕೈ ತೆಗೆದು ನೆಟ್ಟಗೆ ನಿಂತರು. ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಒಬ್ಬ ಕೊಡೆ ಹಿಡಿಯಲು ಬಂದವನು ಅವರ ಮುಖ ನೋಡಿ ಹಿಂದೆ ಸರಿದ. ಹಿಂದಿನ ಗೇಟಿನತ್ತ ಹೊರಟಿದ್ದವರೂ ನಿಂತರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ನಿಂತರು.

“ಹೇಳು ತಾಯಿ” ಎಂದಳು ದೊಡ್ಡಮ್ಮ.

ಗುಲಾಬಿಯ ದನಿ ಮೊದಲ ಬಾರಿಗೆ ಸಣ್ಣದಾಯಿತು. “ಜಡೆ ಹಾಕ್ತಿರುವಾಗ ಸುಮತಿ ಅಂದ್ಳು, ಅಮ್ಮಾ, ಮೂರನೇ ಅಟ್ಟದ ಕಂಬ ಬಿರುಕು ಬಿಟ್ಟಿದೆ, ಇವತ್ತು ಧಣಿಗೆ ಹೇಳ್ತೀನಿ ಅಂತ. ನಾನು ಬೇಡ ಅಂದೆ. ದೊಡ್ಡೋರ ಮುಂದೆ ಬಾಯಿ ಹಾಕ್ಬೇಡ, ಸರಿಯಾಗಿ ನಡ್ಕೋ ಅಂದೆ. ಊರಲ್ಲಿ ಯಾರೂ ಹೇಳಬಾರದ ಮಾತು, ನನ್ನ ಮಗಳಿಗೆ ನಾನೇ ಹೇಳ್ದೆ. ಅವಳು ಒಳ್ಳೇ ಹುಡುಗಿ. ಸುಮ್ನಾದ್ಳು. ಆ ಕಂಬದ ಕೆಳಗೇ ಹೋಗಿ ಸುಮ್ನೆ ನಿಂತ್ಕೊಂಡ್ಳು.” ಅವಳು ಉಸಿರು ತೆಗೆದುಕೊಂಡಳು. “ಧಣೀ, ನಿಮ್ಮನ್ನ ಬೈಯೋಕೆ ನಾನು ಇಲ್ಲಿ ನಿಲ್ತಿಲ್ಲ. ಇದನ್ನ ಯಾರಾದ್ರೂ ಕೇಳ್ಲಿ ಅಂತ ನಿಲ್ತೀನಿ. ಇಷ್ಟು ದಿನ ಇಲ್ಲೀವರೆಗೂ ಯಾರೂ ಕೇಳ್ಲಿಲ್ಲ.”

ದೊಡ್ಡಮ್ಮ ಹೋಗಿ ಗುಲಾಬಿಯ ಕೈ ಹಿಡಿದುಕೊಂಡಳು. ಧಣಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ನಾನು ಗೆದ್ದ ಹುರುಪಿನಲ್ಲಿದ್ದೆ. ದೊಡ್ಡಮ್ಮ ಹಳೆಯ ಸುಣ್ಣದ ಗೂಡಿನ ಹತ್ತಿರ ನಿಂತುಬಿಟ್ಟಳು. “ಎಸ್ತು, ಆಗಲ್ಲ ಅನ್ನೋಕೆ ನನಗೆ ಆಗ್ತಿತ್ತು. ಇಷ್ಟು ವರ್ಷವೂ ಆಗ್ತಿತ್ತು. ಒಳ್ಳೇವಳು ಅಂದ್ರೆ ಎಲ್ಲದಕ್ಕೂ ಹೂಂ ಅನ್ನೋದು ಅಂತ ನಾನೇ ಅಂದ್ಕೊಂಡಿದ್ದೆ” ಎಂದಳು. ಆಮೇಲೆ ಗೂಡಿನ ಗೋಡೆಗೆ ಕೈಯೂರಿ, “ಹಾಗಾದ್ರೆ ಯೋನನೂ ಅಮ್ಮಾ ಅಂತ ಕೂಗಬಹುದಿತ್ತು ಕಣೆ. ಆ ಮಾತು ಅವನ ಬಾಯಿ ಕಟ್ಟಿರ್ಲಿಲ್ಲ. ಒಳ್ಳೇವನು ಅಂದ್ರೆ ಹೇಗೆ ಅಂತ ಅವನಿಗೆ ಗೊತ್ತಿರ್ಲಿಲ್ಲ, ಅಷ್ಟೆ. ನಾನು ಹೇಳ್ಕೊಡ್ಲಿಲ್ಲ” ಎಂದಳು. ನನ್ನ ಹುರುಪು ಅಲ್ಲೇ ಇಳಿದುಹೋಯಿತು.

ಗುಲಾಬಿ ಇನ್ನೂ ಇಪ್ಪತ್ತು ದಿನ ಬಂದಳು. ಇಪ್ಪತ್ತು ದಿನವೂ ಧಣಿ ಹೊರಗೆ ಬಂದು ನಿಂತು ಕೇಳಿದರು, ದೊಡ್ಡಮ್ಮನೂ ಹೋಗಿ ನಿಂತಳು. ಒಂಬತ್ತನೆಯ ದಿನ ಹಳೆಯ ಅಟ್ಟಗಳನ್ನೆಲ್ಲ ಕೀಳಿಸಿದರು. ಇಪ್ಪತ್ತನೆಯ ದಿನ ಗುಲಾಬಿ ಜಡೆಯ ಜಾಗದಲ್ಲಿ ನಿಲ್ಲಿಸಿ, “ಇನ್ನು ಸಾಕು ಧಣಿ, ಒಳಗೆ ಹೋಗಿ, ಬಿಸಿಲಿದೆ” ಎಂದು ತಾನೂ ಹಂಚು ಹೊರಲು ಒಳಗೆ ಹೋದಳು.

ಅದಾಗಿ ನಾಲ್ಕು ವರ್ಷಕ್ಕೆ ದೊಡ್ಡಮ್ಮ ಹಾಸಿಗೆ ಹಿಡಿದಳು. ಮಾತು ನನಗೆ ಬರಬೇಕಿತ್ತು. ಬರುವ ದಾರಿ ಒಂದೇ. ಇರುವವಳು ಹೋಗುವ ಮುಂಚೆ ಅದನ್ನು ಮುಂದಿನವಳಿಗೆ ಹೇಳಬೇಕು. ಒಂದು ಭಾನುವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದು ಬಂದಾಗ, ಹತ್ತಿರ ಕೂರು ಎಂದಳು. ನಾನು ಮುಖ ಆಚೆ ಮಾಡಿ ಕೂತೆ.

“ಬರಿದೇ ಹೇಳ್ಬಿಡ್ತೀನಿ ಅಂತ ಹೆದರಿದ್ಯಾ?” ಎಂದಳು.

“ಹೂಂ ದೊಡ್ಡಮ್ಮ.”

ಅವಳು ಸ್ವಲ್ಪ ನಕ್ಕಳು. ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ಕೈ ಅಷ್ಟು ಎತ್ತರಕ್ಕೆ ಬರುತ್ತಿತ್ತು. “ನೋವಾದ್ರೆ ಬಾಯಿಬಿಟ್ಟು ಹೇಳು. ಬೆನಿಮ್ ದಿಶ್” ಎಂದಳು.

ಹೇಳಿದವಳಿಗೂ ಅದೇ ಗತಿ ಎಂಬುದು ಆ ಕ್ಷಣಕ್ಕೆ ನನಗೆ ಮರೆತೇ ಹೋಗಿತ್ತು. ಅವಳಿಗೆ ಮರೆತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ತುಟಿ ಅದುರತೊಡಗಿತು.

“ಎಸ್ತು, ಬೆನ್ನು ನೋಯ್ತಿದೆ ಕಣೆ” ಎಂದಳು.

ಮೂವತ್ತೈದು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿರದ ಮಾತು. ನಾನು ಬೆನ್ನ ಹಿಂದೆ ದಿಂಬು ಇಟ್ಟೆ. ಎಡಮೊಣಕಾಲು ಎಂದಳು. ಮೇಲೇಳದೆ ಮರಗಟ್ಟಿದ ಭುಜ ಎಂದಳು. ಚರ್ಚಿನ ದಾರಿಯಲ್ಲಿ ಹಾಡು ಗಂಟಲಿಗೆ ಬಂದು ಬಂದು ವಾಪಸ್ಸು ಹೋಗುತ್ತಿದ್ದದ್ದು ಎಂದಳು. ಗಂಡನ ಗುಂಡಿಯ ಹತ್ತಿರ ಒಣಗಿದ ಕಣ್ಣಿನಲ್ಲಿ ನಿಂತದ್ದನ್ನು ಹೇಳಿ ಅತ್ತಳು. ಆಮೇಲೆ ಯೋನನ ಹೆಸರು ಹೇಳಿದಳು. ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿದ ಬೆನ್ನು, ಜೋಡಿಸಿಟ್ಟ ಚಪ್ಪಲಿ, ತಾನು ಮುಟ್ಟಿದಾಗ “ಏನಿಲ್ಲಮ್ಮ” ಎಂದದ್ದು. ಕಿರುಚಿದಳು. ಆ ಕಿರುಚು ಕೇಳಿ ಪಕ್ಕದ ಮನೆಯವರು ಓಡಿಬಂದು ಬಾಗಿಲಲ್ಲೇ ನಿಂತರು.

ನಾನು ಎದ್ದು ನಿಂತೆ. ಅವಳು ಹೇಳಿ ಮುಗಿಸುವವರೆಗೂ, ಸಂಜೆಯ ಲಾಟೀನು ಹಚ್ಚುವ ಹೊತ್ತಿನವರೆಗೂ, ನಿಂತೇ ಕೇಳಿದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.